ಎರಡು ನಾರ್ಟನ್‌ಗಳ ಅಳಿದುಳಿದದ್ದರಿಂದ ಒಂದು ಮ್ಯಾಂಕ್ಸ್

ಹಳೆಯ ಇಂಗ್ಲಿಷ್ ರೇಸ್ ಬೈಕೊಂದನ್ನು ಮತ್ತೆ ಕಟ್ಟಲೆಂದು ಬಿಡಿಭಾಗಗಳಲ್ಲಿ ಕೊಂಡೆವು. ಬಂದದ್ದು ಇಷ್ಟು: ಸ್ವಿಂಗಿಂಗ್ ಆರ್ಮ್ ಸಮೇತ ಒಂದು ಫ್ರೇಮು, ಚಕ್ರವಿಲ್ಲದ ಮುಂದಿನ ಫೋರ್ಕು, ಬ್ರೇಕ್ ತಟ್ಟೆಯಿಲ್ಲದ ಹಿಂಚಕ್ರ, ತಗ್ಗು ಬಿದ್ದ ಅಲ್ಯೂಮಿನಿಯಂ ಪೆಟ್ರೋಲ್ ಟ್ಯಾಂಕು, ಹೊರಮುಚ್ಚಳವಿಲ್ಲದ ಗೇರ್‌ಬಾಕ್ಸು, ಬಿಚ್ಚಿ ಹಾಕಿದ ಎಂಜಿನ್ನು, ಮೂರು ಬಿಸ್ಕತ್ತಿನ ಡಬ್ಬಿ ತುಂಬ ನಟ್ಟು ಬೋಲ್ಟು. ಬಾರದೆ ಹೋದದ್ದು: ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟೊ, ಕಾರ್ಬ್ಯುರೇಟರು, ಎಣ್ಣೆ ಟ್ಯಾಂಕು, ಮುಂಚಕ್ರ, ಹೊಗೆ ಕೊಳವೆಯ ಕಹಳೆಬಾಯಿಯಾದ ಮೆಗಾಫೋನು, ಆರ್‌ಪಿಎಂ ಮೀಟರು, ಎಂಜಿನ್ನನ್ನು ಫ್ರೇಮಿಗೆ ಕಚ್ಚಿಸುವ ಪ್ಲೇಟುಗಳು, ವಾಲ್ವು ತೆರೆಯುವ ಕ್ಯಾಮ್‌ಗಳ ಪೆಟ್ಟಿಗೆಗೆ, ಅಂದರೆ ಕ್ಯಾಮ್‌ಬಾಕ್ಸಿಗೆ, ಏರುವ ಲಂಬ ಶಾಫ್ಟು. ಮಾರಿದವರು ಇದನ್ನು '500 ಸಿಸಿ ಮ್ಯಾಂಕ್ಸ್ ನಾರ್ಟನ್, ಅಪೂರ್ಣ' ಎಂದು ಕರೆದಿದ್ದರು. ಮ್ಯಾಂಕ್ಸ್ ಎಂದರೆ ಇಂಗ್ಲೆಂಡಿನ ನಾರ್ಟನ್ ಕಂಪನಿ ರೇಸಿಗೆಂದೇ ಮಾಡಿ ಮಾರಿದ ಏಕ ಸಿಲಿಂಡರ್ ಬೈಕು. ಅಪೂರ್ಣ ಅನ್ನುವುದು ನಿಜ. ಒಂದು ನಾರ್ಟನ್ ಅನ್ನುವುದು ಸುಳ್ಳು.

ನಾರ್ಟನ್ ಕಾರ್ಖಾನೆ ಎಂಜಿನ್ನಿಗೂ ಫ್ರೇಮಿಗೂ ಒಂದೇ ಸಂಖ್ಯೆ ಒತ್ತಿ ಕಳಿಸುತ್ತಿತ್ತು. ಸಂಖ್ಯೆಯ ಮುಂಭಾಗದಲ್ಲಿ 11ಎಂ ಇದ್ದರೆ ಅದು 500, 10ಎಂ ಇದ್ದರೆ 350. ನಮ್ಮ ಎಂಜಿನ್ನಿನ ಮೇಲೆ 11ಎಂ, ಫ್ರೇಮಿನ ಮೇಲೆ 10ಎಂ. ಅಂದರೆ ಎದುರಿಗಿದ್ದದ್ದು ಎರಡು ಬೈಕುಗಳ ಅರ್ಧರ್ಧ. ಮ್ಯಾಂಕ್ಸ್ ಲೋಕದಲ್ಲಿ ಇದು ಅಪರೂಪವೇನಲ್ಲ, ಅದಕ್ಕೊಂದು ಕಾರಣವಿದೆ. 1950ರ ದಶಕದಲ್ಲಿ 500 ಸಿಸಿ ಫಾರ್ಮುಲಾ 3 ಪುಟ್ಟ ಕಾರುಗಳ ರೇಸು ಇಂಗ್ಲೆಂಡಿನಲ್ಲಿ ಜೋರಾಗಿತ್ತು. ಸರ್ಬಿಟನ್‌ನ ಕೂಪರ್ ಕಾರುಗಳಿಗೆ ನಾರ್ಟನ್ ಎಂಜಿನ್ನೇ ಬೇಕಿತ್ತು, ಆದರೆ ಬರ್ಮಿಂಗ್‌ಹ್ಯಾಮ್‌ನ ಬ್ರೇಸ್‌ಬ್ರಿಜ್ ಸ್ಟ್ರೀಟಿನ ಕಾರ್ಖಾನೆ ಬರೀ ಎಂಜಿನ್ ಮಾರಲು ಒಪ್ಪುತ್ತಿರಲಿಲ್ಲ. ಕಾರಿನವರು ಇಡೀ ಬೈಕನ್ನೇ ಕೊಂಡು, ಎಂಜಿನ್ ಕಿತ್ತುಕೊಂಡು, ಉಳಿದ ಅಸ್ಥಿಪಂಜರವನ್ನು ಮಾರಿಬಿಡುತ್ತಿದ್ದರು. ಆ ಖಾಲಿ ಫ್ರೇಮುಗಳಿಗೆ ಟ್ರಯಂಫ್ ಅವಳಿ ಸಿಲಿಂಡರ್ ಎಂಜಿನ್ ಕೂರಿಸಿದಾಗ ಹುಟ್ಟಿದ್ದೇ ಟ್ರೈಟನ್. ಹೀಗಾಗಿ ಎಂಜಿನ್ನಿಲ್ಲದ ಮ್ಯಾಂಕ್ಸ್ ಫ್ರೇಮುಗಳೂ ಫ್ರೇಮಿಲ್ಲದ ಮ್ಯಾಂಕ್ಸ್ ಎಂಜಿನ್ನುಗಳೂ ಎಪ್ಪತ್ತು ವರ್ಷದಿಂದ ಒಂದನ್ನೊಂದು ಹುಡುಕಿಕೊಂಡು ಅಲೆಯುತ್ತಿವೆ.

ಸಂಖ್ಯೆಯನ್ನು ಮಾತ್ರ ನಂಬಿ ಮುಂದೆ ಹೋಗಬಾರದು. ಸಂಖ್ಯೆ ಒತ್ತುವ ಅಚ್ಚು ಯಾರ ಬಳಿ ಬೇಕಾದರೂ ಇರುತ್ತದೆ. ಅಳತೆ ಸುಳ್ಳು ಹೇಳುವುದಿಲ್ಲ. 500ರ ಹಳೆಯ ಉದ್ದ ಸ್ಟ್ರೋಕ್ ಎಂಜಿನ್ನಿನ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 79.6 ಮಿಮೀ; ಸ್ಟ್ರೋಕ್, ಅಂದರೆ ಪಿಸ್ಟನ್ನಿನ ಏರಿಳಿತ, 100 ಮಿಮೀ. 1954ರಿಂದ ಬಂದ ಗಿಡ್ಡ ಸ್ಟ್ರೋಕಿನದು 86 ಮತ್ತು 85.6. ಎರಡೂ ಲೆಕ್ಕಕ್ಕೆ 497-498 ಸಿಸಿಯೇ. ಬ್ಯಾರೆಲ್ಲಿನ ಬಾಯಿಗೆ ವರ್ನಿಯರ್ ಇಟ್ಟಾಗ 86 ಬಂತು. ಫ್ಲೈವೀಲ್ ತಿರುಗಿಸಿ ಕನೆಕ್ಟಿಂಗ್ ರಾಡಿನ ಏರಿಳಿತ ಅಳೆದಾಗ 85.6 ಬಂತು. ಈ ಎರಡನೆಯ ಅಳತೆ ತಪ್ಪಿಸಬಾರದು, ಯಾಕೆಂದರೆ ಬೇರೆ ಬೇರೆ ಎಂಜಿನ್ನಿನ ಬ್ಯಾರೆಲ್ಲು, ಫ್ಲೈವೀಲುಗಳನ್ನು ಒಂದೇ ಡಬ್ಬಿಗೆ ತುಂಬಿ ಮಾರುವುದು ಸಾಮಾನ್ಯ.

ಫ್ರೇಮಿನ ಪರೀಕ್ಷೆ ಬೇರೆ ರೀತಿಯದು. ಬೆಲ್‌ಫಾಸ್ಟಿನ ರೆಕ್ಸ್ ಮೆಕ್ಯಾಂಡ್ಲೆಸ್ ರೂಪಿಸಿದ ಈ ಫ್ರೇಮು 1950ರಲ್ಲಿ ಕಾರ್ಖಾನೆಯ ರೇಸ್ ಬೈಕಿಗೆ, 1951ರಿಂದ ಮಾರಾಟದ ಮ್ಯಾಂಕ್ಸಿಗೆ ಬಂತು. ಸವಾರ ಹೆರಾಲ್ಡ್ ಡೇನಿಯಲ್ ಇದನ್ನು ಗರಿಯ ಹಾಸಿಗೆಗೆ ಹೋಲಿಸಿದ್ದರಿಂದ ಫೆದರ್‌ಬೆಡ್ ಎಂಬ ಹೆಸರು ಅಂಟಿತು. ಮ್ಯಾಂಕ್ಸಿನದು ರೆನಾಲ್ಡ್ಸ್ 531 ಎಂಬ ಗಟ್ಟಿ ಮಿಶ್ರಲೋಹದ ಉಕ್ಕಿನ ಕೊಳವೆ: ವ್ಯಾಸ ಒಂದೂಕಾಲು ಇಂಚು, ಗೋಡೆ 16 ಗೇಜು, ಕೀಲುಗಳೆಲ್ಲ ಕಂಚಿನ ಬೆಸುಗೆ. ನಾರ್ಟನ್ನಿನದೇ ರಸ್ತೆ ಬೈಕು ಡಾಮಿನೇಟರಿನ ಫ್ರೇಮು ದೂರದಿಂದ ನೋಡಿದರೆ ಅದೇ ಆಕಾರ, ಆದರೆ ಮಾಮೂಲಿ ಉಕ್ಕಿನದು. ಅದರ ಸ್ಟ್ಯಾಂಡಿನ ಕಿವಿಗಳನ್ನು ಗರಗಸದಿಂದ ಕತ್ತರಿಸಿ, ಉಜ್ಜಿ, ಮ್ಯಾಂಕ್ಸ್ ಎಂದು ಮಾರುತ್ತಾರೆ. ಬಣ್ಣ ಪೂರ್ತಿ ತೆಗೆಸದೆ ಇದು ತಿಳಿಯುವುದಿಲ್ಲ. ಬಣ್ಣ ಹೋದ ಮೇಲೆ ಕೀಲಿನ ಸುತ್ತ ಹಳದಿ ಕಂಚಿನ ನಯವಾದ ಪಟ್ಟಿ ಕಂಡರೆ ಒಳ್ಳೆಯ ಲಕ್ಷಣ. ನಮ್ಮದರಲ್ಲಿ ಅದು ಕಂಡಿತು. ಜೊತೆಗೆ ಮುಂದಿನ ಫೋರ್ಕು ಕೂರುವ ಹೆಡ್‌ಸ್ಟಾಕಿನ ಕೆಳಗೆ ಬೂದು ಬಣ್ಣದ ಒರಟು ಬೆಸುಗೆಯೊಂದೂ ಕಂಡಿತು. ಯಾರೋ ಬಿರುಕಿನ ಮೇಲೆ ಆರ್ಕ್ ವೆಲ್ಡಿಂಗ್ ಮಾಡಿದ್ದರು. ಕಂಚು ಇರುವ ಜಾಗಕ್ಕೆ ಆರ್ಕ್ ತಾಗಿಸಿದರೆ ಕರಗಿದ ತಾಮ್ರ ಉಕ್ಕಿನ ಹರಳುಗಳ ನಡುವೆ ನುಗ್ಗಿ ಹೊಸ ಬಿರುಕು ಹುಟ್ಟಿಸುತ್ತದೆ. ಮೇಲೆ ಇನ್ನೊಂದು ಪದರ ಹಾಕುವುದು ಪರಿಹಾರವಲ್ಲ. ಆ ಭಾಗದ ಕೊಳವೆಯನ್ನೇ ಕತ್ತರಿಸಿ, ಅದೇ ಅಳತೆಯ ಹೊಸ 531 ಸೇರಿಸಿ, ಕಂಚಿನಲ್ಲೇ ಬೆಸೆಯಬೇಕು. ಫ್ರೇಮನ್ನು ಅಲುಗದಂತೆ ಹಿಡಿಯುವ ಜಿಗ್ಗಿನಲ್ಲಿ ಬಿಗಿದು ಮಾಡಿಸಿದ್ದರಿಂದ ಹೆಡ್‌ಸ್ಟಾಕಿನ ಕೋನ ಕದಲಲಿಲ್ಲ.

ಇಷ್ಟಾದ ಮೇಲೆ ಕೈ ಕಟ್ಟಿ ಕೂರುವುದು ಕಷ್ಟ. ಪಾಲಿಶ್ ಮಾಡಬೇಕು ಅನ್ನಿಸುತ್ತದೆ, ಬಣ್ಣ ಹೊಡೆಸಬೇಕು ಅನ್ನಿಸುತ್ತದೆ. ಅಪೂರ್ಣ ಬೈಕಿನ ಕೆಲಸ ಹಾಳಾಗುವುದು ಇಲ್ಲೇ. ಮೊದಲು ಮಾಡಬೇಕಾದದ್ದು ಒಣ ಜೋಡಣೆ. ತುಕ್ಕು, ಕೊಳೆ, ಹಳೆ ಬಣ್ಣ ಇದ್ದ ಹಾಗೆಯೇ ಇಡೀ ಬೈಕನ್ನು ಒಮ್ಮೆ ನಿಲ್ಲಿಸಬೇಕು. ಖಾಲಿ ಕ್ರ್ಯಾಂಕ್‌ಕೇಸು, ಖಾಲಿ ಗೇರ್‌ಬಾಕ್ಸು, ಪ್ಲೈವುಡ್ಡಿನಲ್ಲಿ ಕತ್ತರಿಸಿದ ಎಂಜಿನ್ ಪ್ಲೇಟು, ರಟ್ಟಿನ ಎಣ್ಣೆ ಟ್ಯಾಂಕು. ಆಗ ಇಲ್ಲದ್ದು ತಾನೇ ಕಣ್ಣಿಗೆ ಬೀಳುತ್ತದೆ. ನಮ್ಮ ಪಟ್ಟಿಯಲ್ಲಿ ಮೊದಲು ಹನ್ನೊಂದು ಸಾಮಾನುಗಳಿದ್ದವು. ಒಣ ಜೋಡಣೆ ಮುಗಿದಾಗ ಅರುವತ್ತನಾಲ್ಕಾದವು. ಹೊಸದಾಗಿ ಸೇರಿದವೆಲ್ಲ ಕ್ಷುಲ್ಲಕವೆನಿಸುವಂಥವು: ಹಿಂದಿನ ಆ್ಯಕ್ಸಲ್ಲಿನಲ್ಲಿ ಅಂತರ ಕಾಯುವ ಸ್ಪೇಸರು, ಎಣ್ಣೆ ಕೊಳವೆಯ ಯೂನಿಯನ್ ನಟ್ಟು, ಬ್ರೇಕಿನ ಟಾರ್ಕ್ ಆರ್ಮು, ಟ್ಯಾಂಕನ್ನು ಮೇಲಿಂದ ಬಿಗಿಯುವ ಪಟ್ಟಿ, ಗೇರ್ ಲಿವರಿನ ಚಿಕ್ಕ ಕೀಲು. ದೊಡ್ಡ ಭಾಗಗಳನ್ನು ಇವತ್ತಿಗೂ ಹೊಸದಾಗಿ ಮಾಡುವವರಿದ್ದಾರೆ. ಇಡೀ ಮ್ಯಾಂಕ್ಸ್ ಎಂಜಿನ್ನನ್ನೇ ಹೊಸದಾಗಿ ಎರಕ ಹೊಯ್ದು ಕೊಡುವ ಕಾರ್ಖಾನೆಗಳು ಇಂಗ್ಲೆಂಡಿನಲ್ಲಿವೆ. ಹಣ ಮತ್ತು ಕಾಲ ಎರಡನ್ನೂ ತಿನ್ನುವುದು ಆ ಸ್ಪೇಸರು, ಆ ಯೂನಿಯನ್ನುಗಳೇ.

ಸ್ಪೇಸರಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಡಬ್ಬಿಯಲ್ಲಿದ್ದದ್ದನ್ನು ಹಾಕಿ ಹಿಂಚಕ್ರ ಕೂರಿಸಿ, ಎರಡೂ ಚಕ್ರಗಳ ಪಕ್ಕಕ್ಕೆ ನೇರ ಪಟ್ಟಿ ಹಿಡಿದಾಗ 3 ಮಿಮೀ ಎಡಕ್ಕೆ ಬಂತು. ಚೈನ್ ಗೆರೆ ಮಾತ್ರ ಸರಿಯಿತ್ತು. ಯಾರೋ ಚೈನಿಗಾಗಿ ಚಕ್ರವನ್ನು ಬಲಿಕೊಟ್ಟಿದ್ದರು. ಎಂಜಿನ್ ಸ್ಪ್ರಾಕೆಟ್, ಕ್ಲಚ್ ಸ್ಪ್ರಾಕೆಟ್, ಗೇರ್‌ಬಾಕ್ಸ್ ಸ್ಪ್ರಾಕೆಟ್, ಹಿಂಚಕ್ರ: ಈ ನಾಲ್ಕನ್ನೂ ಫ್ರೇಮಿನ ನಡುಗೆರೆಯಿಂದ ಅಳೆದು ಬರೆದುಕೊಂಡ ಮೇಲೆಯೇ ಎಂಜಿನ್ ಪ್ಲೇಟುಗಳ ತೂತು ಕೊರೆಸಿದೆವು. ಪ್ಲೇಟುಗಳಿಗೆ 6 ಮಿಮೀ ಡ್ಯುರಾಲ್ಯುಮಿನ್ ಎಂಬ ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹ. ಪ್ಲೈವುಡ್ ಮಾದರಿಯಲ್ಲಿ ನಾಲ್ಕು ಸಲ ತಪ್ಪಿದ್ದಕ್ಕೆ ಲೋಹದಲ್ಲಿ ಒಮ್ಮೆಯೂ ತಪ್ಪಲಿಲ್ಲ.

ನಟ್ಟು ಬೋಲ್ಟಿನ ವಿಷಯ ಇಲ್ಲೇ ಹೇಳಿಬಿಡಬೇಕು. ಹಳೆಯ ಬುಲೆಟ್ ಬಿಚ್ಚಿ ಜೋಡಿಸಿದ ಬೆಂಗಳೂರಿನ ಮೆಕ್ಯಾನಿಕ್ಕಿಗೆ ಇದು ಹೊಸದಲ್ಲ, ಮೆಟ್ರಿಕ್ ಕಾಲದವರಿಗೆ ಮಾತ್ರ ತಲೆನೋವು. ಅಲ್ಯೂಮಿನಿಯಂ, ಮೆಗ್ನೀಷಿಯಂಗೆ ಹೋಗುವ ಸ್ಟಡ್ಡುಗಳಲ್ಲಿ ವಿಟ್‌ವರ್ತ್ ಎಂಬ ಒರಟು ಸ್ಕ್ರೂ ಎಳೆ, ಕೋನ 55 ಡಿಗ್ರಿ. ಉಕ್ಕಿನ ಭಾಗಗಳಿಗೆ ಸೈಕಲ್ ಎಳೆ, ಇಂಚಿಗೆ 26 ಅಥವಾ 20, ಕೋನ 60 ಡಿಗ್ರಿ. ಮ್ಯಾಗ್ನೆಟೊದ ಒಳಗಿನ ಸಣ್ಣ ಸ್ಕ್ರೂಗಳಿಗೆ ಬಿಎ ಎಂಬ ಮೂರನೆಯ ಎಳೆ. ಎರಡು ತಿರುವು ಸಲೀಸಾಗಿ ಹೋಗಿ ಮೂರನೆಯದರಲ್ಲಿ ಬಿಗಿಯಾದರೆ ಎಳೆ ಬೇರೆ ಎಂದರ್ಥ, ಅಲ್ಲಿಗೇ ನಿಲ್ಲಿಸಬೇಕು. ಸ್ಪ್ಯಾನರಿನ ಮೇಲಿನ ಅಂಕಿಯೂ ಮೋಸಗೊಳಿಸುತ್ತದೆ. ಕಾಲಿಂಚು ವಿಟ್‌ವರ್ತ್ ಎಂದು ಬರೆದ ಸ್ಪ್ಯಾನರಿನ ಬಾಯಿ 0.525 ಇಂಚು ಇರುತ್ತದೆ. ಬರೆದದ್ದು ಬೋಲ್ಟಿನ ದಪ್ಪ, ತಲೆಯ ಅಗಲವಲ್ಲ. ಮೂರೂ ಡಬ್ಬಿಗಳನ್ನು ಎಳೆ ಗೇಜು ಹಿಡಿದು ವಿಂಗಡಿಸಲು ಎರಡು ದಿನ ಹಿಡಿಯಿತು. ಅರ್ಧದಷ್ಟು ಬೋಲ್ಟುಗಳು ಈ ಬೈಕಿನವೇ ಅಲ್ಲ.

ಇನ್ನು ಕ್ರ್ಯಾಂಕ್‌ಕೇಸು. ಇಡೀ ಕೆಲಸದ ಭವಿಷ್ಯ ಅದರ ಮೇಲೆ ನಿಂತಿತ್ತು. ಮ್ಯಾಂಕ್ಸಿನ ಕ್ರ್ಯಾಂಕ್‌ಕೇಸು ಮೆಗ್ನೀಷಿಯಂ ಮಿಶ್ರಲೋಹ. ಕೈಯಲ್ಲಿ ಹಿಡಿದರೇ ಗೊತ್ತಾಗುತ್ತದೆ: ಅಲ್ಯೂಮಿನಿಯಂಗಿಂತ ಮೂರರಲ್ಲಿ ಒಂದು ಪಾಲು ಹಗುರ. ಅನುಮಾನವಿದ್ದರೆ ಮೂಲೆಯಲ್ಲಿ ಸ್ವಲ್ಪ ಕೆರೆದು ಒಂದು ಹನಿ ವಿನೆಗರ್ ಬಿಡಿ, ಮೆಗ್ನೀಷಿಯಂ ಆದರೆ ನೊರೆಯೇಳುತ್ತದೆ. ಪರೀಕ್ಷೆ ಮುಗಿದ ಕೂಡಲೆ ತೊಳೆದು ಒರೆಸಬೇಕು. ಆ ನೊರೆಯೇ ಪಾಠ ಕೂಡ. ಆಮ್ಲ ಯಾವುದನ್ನೂ ಈ ಲೋಹಕ್ಕೆ ತಾಗಿಸಬಾರದು. ಅಲ್ಯೂಮಿನಿಯಂಗೆ ವಿರುದ್ಧ ನಿಯಮ: ಮೆಗ್ನೀಷಿಯಂ ತಡೆದುಕೊಳ್ಳುವ ಕಾಸ್ಟಿಕ್ ಸೋಡಾ ಅಲ್ಯೂಮಿನಿಯಮ್ಮನ್ನು ಕರಗಿಸಿಬಿಡುತ್ತದೆ. ಎರಡೂ ಲೋಹ ಇರುವ ಎಂಜಿನ್ನಿನಲ್ಲಿ ಯಾವ ಭಾಗ ಯಾವ ತೊಟ್ಟಿಗೆ ಎಂದು ಚೀಟಿ ಅಂಟಿಸದೆ ತೊಳೆಯಲು ಕಳಿಸಬಾರದು. ಉಕ್ಕಿನ ಗುಂಡುಗಳಿಂದ ಬ್ಲಾಸ್ಟಿಂಗ್ ಮಾಡಿಸುವುದೂ ತಪ್ಪು. ಉಕ್ಕಿನ ಕಣ ಮೆಗ್ನೀಷಿಯಂನಲ್ಲಿ ಹೂತುಕೊಂಡರೆ ಒಂದೊಂದು ಕಣವೂ ಒಂದೊಂದು ಪುಟ್ಟ ಬ್ಯಾಟರಿಯಾಗಿ ಸುತ್ತಲಿನ ಲೋಹವನ್ನು ಕೊರೆಯುತ್ತದೆ.

ನಮ್ಮ ಕೇಸಿನ ತಳದಲ್ಲಿ ನೀರು ನಿಂತು, ಬಿಳಿ ಪುಡಿಯಾಗಿ, ಒಂದು ಕಡೆ 4 ಮಿಮೀ ಆಳದ ಗುಳಿ ಬಿದ್ದಿತ್ತು. ಬಣ್ಣದ ದ್ರವದ ಪರೀಕ್ಷೆಯಲ್ಲಿ ಎರಡು ಬಿರುಕು ಕಂಡವು, ಒಂದು ಹಿಂದಿನ ಎಂಜಿನ್ ಕಿವಿಯಲ್ಲಿ, ಇನ್ನೊಂದು ಬ್ಯಾರೆಲ್ ಕೂರುವ ಬಾಯಿಯಲ್ಲಿ. ಕಿವಿಯ ತೂತುಗಳು ಅಂಡಾಕಾರವಾಗಿ, ಪಕ್ಕದಲ್ಲಿ ಕಾರ್ಖಾನೆಯದಲ್ಲದ ಇನ್ನೊಂದು ತೂತು ಇತ್ತು. ಬೈಕಿನ ಯಾವ ಪ್ಲೇಟಿಗೂ ಅದು ಹೊಂದುವುದಿಲ್ಲ. ಕಾರಿನಲ್ಲಿ ಕೂತಿದ್ದ ಎಂಜಿನ್ ಇರಬಹುದು ಎಂಬ ಅನುಮಾನ ಮೊದಲು ಹುಟ್ಟಿದ್ದು ಆಗಲೇ.

ಇದನ್ನು ಬೆಸೆಯಬಹುದು, ಆದರೆ ಮೊದಲು ಒಣಗಿಸಬೇಕು. ಹಳೆಯ ಎರಕ ಸ್ಪಂಜಿನ ಹಾಗೆ ಎಣ್ಣೆ ಕುಡಿದಿರುತ್ತದೆ. ಬೆಸುಗೆಯ ಜ್ವಾಲೆ ತಾಗಿದ ಕೂಡಲೆ ಎಣ್ಣೆ ಕುದಿದು ಹೊರಬಂದು ಕರಗಿದ ಲೋಹದಲ್ಲಿ ತೂತು ತೂತಾಗುತ್ತದೆ. ಒಲೆಯಲ್ಲಿ ಕಾಯಿಸಿ, ಬೆವರಿದ ಎಣ್ಣೆ ಒರೆಸಿ, ಮತ್ತೆ ಕಾಯಿಸಿ, ಹೀಗೆ ಆರು ಸಲ ಮಾಡಿದ ಮೇಲೆ ಬಟ್ಟೆ ಒಣಗಿಯೇ ಬಂತು. ಅಡಿಗೆಮನೆಯ ಒಲೆ ಬೇಡ, ವಾಸನೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಆಮೇಲೆ ಮೆಗ್ನೀಷಿಯಂ ಕಡ್ಡಿಯಿಂದ ಜಡ ಅನಿಲದ ಮರೆಯಲ್ಲಿ ಮಾಡುವ ಎಸಿ ಟಿಗ್ ಬೆಸುಗೆ. ಕೆರೆದಾಗ ಬರುವ ಪುಡಿಯ ಬಗ್ಗೆ ಎಚ್ಚರವಿರಲಿ. ಅದು ಹೊತ್ತಿಕೊಂಡರೆ ನೀರು ಹಾಕುವುದೆಂದರೆ ಬೆಂಕಿಗೆ ತುಪ್ಪ ಹೊಯ್ದಂತೆ. ಪಕ್ಕದಲ್ಲಿ ಒಣ ಮರಳಿನ ಬಕೆಟ್ ಇರಲೇಬೇಕು.

ಬೆಸುಗೆಯಾದ ಮೇಲೆ ಬೇರಿಂಗಿನ ಗೂಡುಗಳು ಸೊಟ್ಟಗಾಗುತ್ತವೆ. ನಮ್ಮದರಲ್ಲಿ ಮೊದಲೇ ಡ್ರೈವ್ ಬದಿಯ ಬೇರಿಂಗು ಗೂಡಿನಲ್ಲಿ ತಿರುಗಿ 0.05 ಮಿಮೀ ಸವೆಸಿತ್ತು. ಗೂಡನ್ನು ದೊಡ್ಡದು ಮಾಡಿ ಬಳೆಯಂಥ ಉಕ್ಕಿನ ತೋಳು ಕೂರಿಸಬೇಕಾಯಿತು. ಎಷ್ಟು ಬಿಗಿ ಇರಬೇಕು ಅನ್ನುವುದನ್ನು ಅಂದಾಜಿನಲ್ಲಿ ಬಿಡಬಾರದು. ಮೆಗ್ನೀಷಿಯಂ ಒಂದು ಡಿಗ್ರಿಗೆ ಮೀಟರಿಗೆ 26 ಮೈಕ್ರಾನ್ ಹಿಗ್ಗುತ್ತದೆ, ಉಕ್ಕು 12. ಸುಮಾರು 65 ಮಿಮೀ ಗೂಡು 80 ಡಿಗ್ರಿ ಬಿಸಿಯೇರಿದರೆ ಎರಡರ ಹಿಗ್ಗುವಿಕೆಯ ನಡುವಿನ ಅಂತರ 0.073 ಮಿಮೀ. ತಣ್ಣಗಿದ್ದಾಗ ಅಷ್ಟೇ ಬಿಗಿ ಕೊಟ್ಟರೆ ಓಡುವಾಗ ತೋಳು ಸಡಿಲ. ನಾವು 0.12 ಕೊಟ್ಟು, ಅಂಚಿನಲ್ಲಿ ಮೂರು ಪಿನ್ ಹಾಕಿಸಿದೆವು. ಎರಡೂ ಅರ್ಧಗಳನ್ನು ಬೋಲ್ಟ್ ಮಾಡಿ ಒಂದೇ ಬಿಗಿತದಲ್ಲಿ ಬೋರ್ ಮಾಡಿಸಿದರೆ ಮಾತ್ರ ಎರಡೂ ಕಡೆಯ ಗೂಡು ಒಂದೇ ಗೆರೆಗೆ ಬರುತ್ತವೆ. ಕೊನೆಗೆ ಲೋಹ ಕೊರೆಯದಂತೆ ಕಾಯುವ ಕ್ರೋಮೇಟ್ ಸ್ನಾನ, ರಾಳ ಹೀರಿಸಿ ಬೇಯಿಸುವುದು, ಬಣ್ಣ. ಕ್ರೋಮೇಟ್ ವಿಷ, ಅದು ಪರವಾನಗಿ ಇರುವವರ ಕೆಲಸ.

ಒಳಗಿನ ಕೊಳೆ ಬೇರೆಯದೇ ಕಥೆ. ಆ ಕಾಲದ ರೇಸ್ ಎಂಜಿನ್ನುಗಳು ಓಡುತ್ತಿದ್ದದ್ದು ಕ್ಯಾಸ್ಟ್ರಾಲ್ ಆರ್ ಎಣ್ಣೆಯ ಮೇಲೆ, ಅಂದರೆ ಹರಳೆಣ್ಣೆ. ಕಂಪನಿಯ ಹೆಸರೇ ಕ್ಯಾಸ್ಟರ್‌ನಿಂದ ಬಂದದ್ದು. ನಮ್ಮ ಬಯಲುಸೀಮೆಯ ಹೊಲದ ಬದುವಿನಲ್ಲಿ ಬೆಳೆಯುವ ಹರಳಿನ ಎಣ್ಣೆಯೇ ಇದು. ಐಲ್ ಆಫ್ ಮ್ಯಾನ್‌ನ ರಸ್ತೆಗಳಲ್ಲಿ ಸುಟ್ಟಾಗ ಹೊಮ್ಮುವ ಆ ಸಿಹಿ ವಾಸನೆಗೆ ಅಲ್ಲಿನವರು ಈಗಲೂ ಮರುಳಾಗುತ್ತಾರೆ. ಬಿಸಿಯಲ್ಲಿ ಲೋಹವನ್ನು ಬಿಡದೆ ಹಿಡಿದುಕೊಳ್ಳುವ ಗುಣ ಅದರದ್ದು. ದಶಕಗಟ್ಟಲೆ ಬಿಟ್ಟರೆ ಮಾತ್ರ ಅಂಟಾಗಿ, ಆಮೇಲೆ ಕಂದು ಮೆರುಗೆಣ್ಣೆಯಾಗಿ ಕಚ್ಚುತ್ತದೆ. ಪೆಟ್ರೋಲಿನಲ್ಲಿ ಎಷ್ಟು ನೆನೆಸಿದರೂ ಬಿಡುವುದಿಲ್ಲ. ಹರಳೆಣ್ಣೆ ಕರಗುವುದು ಸ್ಪಿರಿಟ್ಟಿನಲ್ಲಿ. ಹಸಿ ಅಂಟಿಗೆ ಮೆಥಿಲೇಟೆಡ್ ಸ್ಪಿರಿಟ್ ಸಾಕು. ಗಟ್ಟಿ ಕವಚಕ್ಕೆ, ಉಕ್ಕಿನ ಸಣ್ಣ ಭಾಗಗಳಾದರೆ, ಕೂಲಂಟಿನಲ್ಲಿ ಗಂಟೆಗಟ್ಟಲೆ ಸಣ್ಣಗೆ ಕುದಿಸಬೇಕು. ಫ್ಲೈವೀಲಿನೊಳಗಿನ ಎಣ್ಣೆ ದಾರಿಯನ್ನು 3 ಮಿಮೀ ಡ್ರಿಲ್ ಕೈಯಲ್ಲಿ ತಿರುಗಿಸಿ ತೆರೆಯಬೇಕಾಯಿತು. ಒಳಗೆ ಗೋಂದಿನ ಬಿರಡೆ ಕೂತಿತ್ತು. ಅದನ್ನು ನೋಡದೆ ಎಂಜಿನ್ ಓಡಿಸಿದ್ದರೆ ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗು, ಅಂದರೆ ಬಿಗ್ ಎಂಡ್, ಬೇಗನೆ ಸುಡುತ್ತಿತ್ತು. ಇನ್ನೊಂದು ಮಾತು: ಹರಳೆಣ್ಣೆ ಹಾಕುವುದಾದರೆ ಖನಿಜ ಎಣ್ಣೆಯ ಒಂದು ತೊಟ್ಟೂ ಉಳಿಯಬಾರದು. ಎರಡೂ ಬೆರೆಯುವುದಿಲ್ಲ, ಒಡೆದ ಹಾಲಿನಂತಾಗಿ ಫಿಲ್ಟರು ಕಟ್ಟುತ್ತದೆ.

ಹಳೆಯ ಪಿಸ್ಟನ್ನಿನ ತಲೆ ಗುಡ್ಡದಂತೆ ಎದ್ದಿತ್ತು. ಹೆಡ್ಡು ಕೂರಿಸಿ, ಪಿಸ್ಟನ್ ಮೇಲ್ತುದಿಗೆ ತಂದು, ಅಂಚಿಗೆ ಗ್ರೀಸ್ ಹಚ್ಚಿ, ಪ್ಲಗ್ಗಿನ ತೂತು ನೇರ ಮೇಲಕ್ಕೆ ಬರುವಂತೆ ಓರೆ ಮಾಡಿ, ಅಳತೆ ಗೆರೆಯ ಗಾಜಿನ ಕೊಳವೆ ಬ್ಯೂರೆಟ್ಟಿನಿಂದ ತೆಳು ಎಣ್ಣೆ ಬಿಟ್ಟಾಗ 38 ಸಿಸಿಗೆ ತುಂಬಿತು. 497ನ್ನು 38ರಿಂದ ಭಾಗಿಸಿ ಒಂದು ಕೂಡಿಸಿದರೆ 14. ಪೆಟ್ರೋಲಿನಲ್ಲಿ ಓಡುವ ಆ ಕಾಲದ ಏಕ ಸಿಲಿಂಡರ್ ಬೈಕಿಗೆ ಇಂಥ ಸಂಪೀಡನ ಕೊಡುತ್ತಿರಲಿಲ್ಲ. ಇದು ಆ ಪುಟ್ಟ ರೇಸ್ ಕಾರುಗಳು ಸುಡುತ್ತಿದ್ದ ಮೆಥನಾಲ್ ಎಂಬ ಮದ್ಯಸಾರಕ್ಕೆ ಮಾಡಿದ ಪಿಸ್ಟನ್ನು. ಕಿವಿಯ ಹೆಚ್ಚುವರಿ ತೂತು ಹೇಳಿದ್ದನ್ನೇ ಇದೂ ಹೇಳಿತು: ಎಂಜಿನ್ ಕಾರಿನಲ್ಲಿತ್ತು. ಹೊಸ ಪಿಸ್ಟನ್ನಿಗೆ 52 ಸಿಸಿ ಜಾಗ ಇಟ್ಟೆವು, 10.5ರ ಆಸುಪಾಸು. ಹೊಸದು ಹಳೆಯದಕ್ಕಿಂತ 62 ಗ್ರಾಂ ಹಗುರ. ಖುಷಿಪಡುವ ಮೊದಲು ಯೋಚಿಸಬೇಕು. ಮೇಲೆ ಕೆಳಗೆ ಓಡುವ ತೂಕ ಇಳಿದರೆ ಫ್ಲೈವೀಲಿನ ಪ್ರತಿತೂಕ ಆ ಲೆಕ್ಕಕ್ಕೆ ಜಾಸ್ತಿಯಾಗಿ ಬೈಕು ಹಿಂದೆ ಮುಂದೆ ಜಗ್ಗುತ್ತದೆ. ಪ್ರತಿತೂಕದ ಕಡೆ ಕೊರೆದು ಹಗುರಗೊಳಿಸಿ ಮೊದಲಿನ ಪ್ರಮಾಣಕ್ಕೆ ತರಬೇಕು.

ಕನೆಕ್ಟಿಂಗ್ ರಾಡ್ ಹಳೆಯದನ್ನು ಗೋಡೆಗೆ ನೇತುಹಾಕಿ ಹೊಸದು ಹಾಕಿದೆವು. ಕಾಂತೀಯ ಪರೀಕ್ಷೆಯಲ್ಲಿ ಬಿರುಕು ಕಾಣದಿದ್ದರೂ ಸರಿ, ಇತಿಹಾಸ ಗೊತ್ತಿಲ್ಲದ ರಾಡಿಗೆ ಈ ವೇಗ ಕೊಡಬಾರದು. 7,000 ಆರ್‌ಪಿಎಂನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 20 ಮೀಟರ್. ಫ್ಲೈವೀಲುಗಳನ್ನು ಒತ್ತಿ ಜೋಡಿಸಿದ ಮೇಲೆ ಎರಡು ಮೊನೆಗಳ ನಡುವೆ ಹಿಡಿದು, ಎರಡೂ ಶಾಫ್ಟಿಗೆ ಡಯಲ್ ಗೇಜು ಇಟ್ಟು, ತಾಮ್ರದ ಸುತ್ತಿಗೆಯಲ್ಲಿ ಬಡಿದು ಬಡಿದು 0.025 ಮಿಮೀ ಒಳಗೆ ತಂದದ್ದು ಒಂದು ಮಧ್ಯಾಹ್ನದ ಕೆಲಸ.

ತಿರುಗುವ ದಿಕ್ಕನ್ನು ಮೂಲೆ ತಿರುಗಿಸುವ ಓರೆ ಹಲ್ಲಿನ ಬೆವೆಲ್ ಗೇರುಗಳಿಗೆ ಹತ್ತು ಮಧ್ಯಾಹ್ನ ಹೋದವು. ಮ್ಯಾಂಕ್ಸಿನಲ್ಲಿ ಕ್ಯಾಮ್ ತಿರುಗುವುದು ಚೈನಿನಿಂದಲ್ಲ. ಕ್ರ್ಯಾಂಕಿನ ಬಲತುದಿಯಲ್ಲಿ ಒಂದು ಜೋಡಿ ಬೆವೆಲ್, ಅಲ್ಲಿಂದ ಕೊಳವೆಯೊಳಗೆ ಮೇಲೇರುವ ಶಾಫ್ಟು, ಕ್ಯಾಮ್‌ಬಾಕ್ಸಿನಲ್ಲಿ ಇನ್ನೊಂದು ಜೋಡಿ. ಶಾಫ್ಟಿನ ಎರಡೂ ತುದಿಗೆ ಓಲ್ಡಮ್ ಕಪ್ಲಿಂಗ್ ಎಂಬ ಜಾರುವ ಕೊಂಡಿ. ಅದು ಯಾಕೆಂದು ಗೊತ್ತಿಲ್ಲದವರು ಕಪ್ಲಿಂಗನ್ನು ಆಟವಿಲ್ಲದಂತೆ ಬಿಗಿಯಾಗಿ ಮಾಡಿಸುತ್ತಾರೆ, ಆಮೇಲೆ ಹಲ್ಲು ಮುರಿಯಿತು ಎಂದು ಗೊಣಗುತ್ತಾರೆ. ಲೆಕ್ಕ ಹಾಕಿ ನೋಡಿ. ಅಲ್ಯೂಮಿನಿಯಂ ಬ್ಯಾರೆಲ್ಲು, ಹೆಡ್ಡು ಸೇರಿ 200 ಮಿಮೀ ಎತ್ತರ ಎಂದಿಟ್ಟುಕೊಂಡರೆ 120 ಡಿಗ್ರಿ ಬಿಸಿಗೆ ಅರ್ಧ ಮಿಮೀಗಿಂತ ಹೆಚ್ಚು ಬೆಳೆಯುತ್ತದೆ. ಹೊರಗೆ ಗಾಳಿಯಲ್ಲಿ ತಣ್ಣಗಿರುವ ಉಕ್ಕಿನ ಶಾಫ್ಟು ಅದರ ಕಾಲುಭಾಗವೂ ಬೆಳೆಯುವುದಿಲ್ಲ. ಆ ಅಂತರವನ್ನು ನುಂಗಲಿಕ್ಕೇ ಕಪ್ಲಿಂಗು ಮೇಲೆ ಕೆಳಗೆ ಜಾರಬೇಕು. ಹೊಸ ಶಾಫ್ಟು ಮಾಡಿಸುವಾಗ ಉದ್ದ ಅಳೆಯಬೇಕಾದದ್ದು ಬ್ಯಾರೆಲ್ಲಿನ ಕೆಳಗಿನ ಗ್ಯಾಸ್ಕೆಟು, ಹೆಡ್ಡು, ಕ್ಯಾಮ್‌ಬಾಕ್ಸಿನಡಿಯ ತೆಳು ತಗಡು, ಅಂದರೆ ಶಿಮ್ಮು, ಎಲ್ಲ ಬಿಗಿದ ಮೇಲೆ. ಮೊದಲ ಶಾಫ್ಟನ್ನು ಬ್ಯಾರೆಲ್ಲಿನಡಿ ಇಡುವ ಸಂಪೀಡನ ಪ್ಲೇಟು ತೀರ್ಮಾನವಾಗುವ ಮುಂಚೆಯೇ ಮಾಡಿಸಿದ್ದು ನಮ್ಮ ಆತುರ, ಅದು 0.8 ಮಿಮೀ ಗಿಡ್ಡವಾಗಿ ವ್ಯರ್ಥವಾಯಿತು.

ಹಲ್ಲುಗಳ ಹೊಂದಾಣಿಕೆಗೆ ಎರಡು ಅಳತೆ ಒಟ್ಟಿಗೆ ನೋಡಬೇಕು. ಎರಡೂ ಗೇರಿನ ಹಲ್ಲಿನ ಹಿಂಬದಿ ಒಂದೇ ಸಮಕ್ಕೆ ಬರಬೇಕು, ಮತ್ತು ಬೆರಳಲ್ಲಿ ಅಲುಗಿಸಿದರೆ ಇದೆಯೋ ಇಲ್ಲವೋ ಅನ್ನುವಷ್ಟು ಸಡಿಲ ಇರಬೇಕು. ಸಡಿಲವೊಂದನ್ನೇ ನೋಡಿ ಒಂದು ಗೇರಿನ ಹಿಂದೆ ಶಿಮ್ ತುರುಕಿದರೆ ಹಲ್ಲುಗಳು ತುದಿಯಲ್ಲಷ್ಟೇ ಕಚ್ಚುತ್ತವೆ. ತಾಗಿದಲ್ಲಿ ಗುರುತು ಬಿಡುವ ಎಂಜಿನಿಯರ್ ನೀಲಿ ಬಣ್ಣ ಹಚ್ಚಿ ತಿರುಗಿಸಿದಾಗ ಗುರುತು ಹಲ್ಲಿನ ನಡುವೆ ಮೂಡಬೇಕು. ಕೆಳಗಿನ ಜೋಡಿ ಮೂರನೆಯ ಯತ್ನಕ್ಕೆ ಸರಿಹೋಯಿತು. ಮೇಲಿನದು ಮಾತ್ರ ಒಂದು ಸುತ್ತಿನಲ್ಲಿ ಒಮ್ಮೆ ಬಿಗಿ, ಒಮ್ಮೆ ಸಡಿಲ. ಬೇರೆ ಬೇರೆ ಜೋಡಿಯ ಗೇರುಗಳು. ಬೆವೆಲ್ಲುಗಳನ್ನು ಜೋಡಿಯಾಗಿಯೇ ಉಜ್ಜಿ ಮಾಡಿರುತ್ತಾರೆ, ಒಂದನ್ನು ಬದಲಿಸಿದರೆ ಎರಡನ್ನೂ ಬದಲಿಸಬೇಕು. ಬದಲಿಸಿದ ಮೇಲೆ ಒಂದೇ ಮಧ್ಯಾಹ್ನದಲ್ಲಿ ಕೂತಿತು.

ಕ್ಯಾಮ್ ಯಾವ ಮಾದರಿಯದು ಎಂಬ ಗುರುತು ಅಳಿಸಿಹೋಗಿತ್ತು. ಕ್ರ್ಯಾಂಕಿಗೆ ಡಿಗ್ರಿ ತಟ್ಟೆ ಕಟ್ಟಿ, ಹತ್ತು ಹತ್ತು ಡಿಗ್ರಿಗೆ ವಾಲ್ವಿನ ಏರಿಕೆ ಬರೆದುಕೊಂಡರೆ 72 ಅಂಕಿಗಳ ಚಿತ್ರ ಸಿಗುತ್ತದೆ. ಆ ಗೆರೆ ನೋಡಿದರೆ ಕ್ಯಾಮ್ ತಯಾರಿಸುವವರು ಹೆಸರು ಹೇಳುತ್ತಾರೆ. ವಾಲ್ವಿಗೂ ಪಿಸ್ಟನ್ನಿಗೂ ನಡುವೆ ಎಷ್ಟು ಜಾಗವಿದೆ ಎಂದು ತಿಳಿಯಲು ಪಿಸ್ಟನ್ನಿನ ಮೇಲೆ ಮೆತ್ತನೆಯ ಪ್ಲಾಸ್ಟಿಸಿನ್ ಅಂಟಿಸಿ ಎರಡು ಸುತ್ತು ತಿರುಗಿಸಿ ಕತ್ತರಿಸಿ ನೋಡಿದೆವು: ಇನ್‌ಲೆಟ್ ಕಡೆ 1.5 ಮಿಮೀ, ಎಕ್ಸಾಸ್ಟ್ ಕಡೆ 2 ಮಿಮೀಗಿಂತ ಕಡಿಮೆಯಾದರೆ ಪಿಸ್ಟನ್ನಿನ ಬಟ್ಟಲು ಆಳ ಮಾಡಬೇಕು.

ಮ್ಯಾಗ್ನೆಟೊ ಎರಡು ಸಲ ಕೊಂಡೆವು. ಮೊದಲನೆಯದು ನೋಡಲು ತದ್ರೂಪಿ, ಕಿಡಿ ಮಾತ್ರ ನಿತ್ರಾಣ. ಅದು ವಿರುದ್ಧ ದಿಕ್ಕಿಗೆ ತಿರುಗುವಂತೆ ಮಾಡಿದ್ದು. ಕಾಂತದ ಅಂಚು ಧ್ರುವವನ್ನು ಬಿಟ್ಟು ಸರಿಯುವ ಕ್ಷಣದಲ್ಲೇ ಪಾಯಿಂಟು ತೆರೆಯಬೇಕು. ದಿಕ್ಕು ತಿರುಗಿದರೆ ಆ ಕ್ಷಣ ತಪ್ಪುತ್ತದೆ. ಹಲ್ಲಿನ ಗಾಲಿಯ ಕಡೆಯಿಂದ ನೋಡಿ ದಿಕ್ಕಿನ ಬಾಣ ಖಚಿತಪಡಿಸಿಕೊಳ್ಳದೆ ಹಣ ಕೊಡಬಾರದು. ಎರಡನೆಯದಕ್ಕೆ ಹೊಸ ಕಂಡೆನ್ಸರ್, ಸುರುಳಿಗೆ ಹೊಸ ಸುತ್ತು. ಪಾಯಿಂಟಿನ ಅಂತರ 0.30 ಮಿಮೀ. ಮ್ಯಾಗ್ನೆಟೊ ಎಂಜಿನ್ನಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಅಲ್ಲಿ ಒಂದು ಡಿಗ್ರಿ ತಪ್ಪಿದರೆ ಕ್ರ್ಯಾಂಕಿನಲ್ಲಿ ಎರಡು ಡಿಗ್ರಿ.

ಕಾರ್ಬ್ಯುರೇಟರು ಅಮಲ್ ಕಂಪನಿಯ ಜಿಪಿ ಮಾದರಿ. ಫ್ಲೋಟ್ ಬಟ್ಟಲು ಅದರಲ್ಲಿ ಬೇರೆಯಾಗಿ, ರಬ್ಬರಿನ ಮೇಲೆ ನೇತಾಡಬೇಕು. ಗಟ್ಟಿಯಾಗಿ ಕಟ್ಟಿದರೆ ನಡುಕಕ್ಕೆ ಪೆಟ್ರೋಲು ನೊರೆಯಾಗುತ್ತದೆ. ಹಳೆಯ ಡಬ್ಬಿಯಲ್ಲಿ ಸಿಕ್ಕ, ಇಂಧನವನ್ನು ಅಳೆದು ಬಿಡುವ ಜೆಟ್ಟುಗಳನ್ನು ಬಳಸಲಿಲ್ಲ. ಮೆಥನಾಲಿಗೆ ಪೆಟ್ರೋಲಿನ ಎರಡರಷ್ಟಕ್ಕಿಂತ ಹೆಚ್ಚು ಇಂಧನ ಬೇಕು, ಅವೆಲ್ಲ ಆ ಲೆಕ್ಕದವು.

ಮುಂಚಕ್ರಕ್ಕೆ ಹಳೆಯ ಮೆಗ್ನೀಷಿಯಂ ಹಬ್ಬು ಸಿಕ್ಕಿತ್ತು. ಕಡ್ಡಿ ಸಿಗಿಸುವ ಅಂಚಿನಲ್ಲಿ ಕೂದಲೆಳೆಯ ಬಿರುಕುಗಳಿದ್ದವು, ಅದನ್ನು ಪ್ರದರ್ಶನಕ್ಕೆ ಬಿಟ್ಟು ಹೊಸ ಎರಕದ ಹಬ್ಬು ತರಿಸಿದೆವು. ಡ್ರಮ್ಮಿನ ವ್ಯಾಸ 8 ಇಂಚು. ಬ್ರೇಕ್ ಶೂಗಳನ್ನು ತಟ್ಟೆಯ ಮೇಲೆ ಕೂರಿಸಿಯೇ ಲೇತಿನಲ್ಲಿ ಡ್ರಮ್ಮಿಗಿಂತ 0.2 ಮಿಮೀ ಚಿಕ್ಕದಾಗಿ ತಿರುಗಿಸಿದರೆ ಪೂರ್ತಿ ಮುಖ ತಾಗುತ್ತದೆ. ಎರಡೂ ಶೂ ಒಂದೇ ಕ್ಷಣಕ್ಕೆ ತಾಗುವಂತೆ ಜೋಡುಕಡ್ಡಿಯ ಉದ್ದ ಹೊಂದಿಸದಿದ್ದರೆ ಒಂದೇ ಶೂ ಕೆಲಸ ಮಾಡುತ್ತದೆ.

ಚಾಲೂ ಮಾಡುವ ಮೊದಲು ಎಣ್ಣೆ. ಟೈಮಿಂಗ್ ಮುಚ್ಚಳದಿಂದ ಕ್ರ್ಯಾಂಕಿನ ತುದಿಗೆ ಎಣ್ಣೆ ಹೊಗಿಸುವ ಪುಟ್ಟ ನಳಿಗೆಯಿದೆ. ಕೈತಪ್ಪಿ ಬಿಟ್ಟುಬಿಟ್ಟರೂ ಟ್ಯಾಂಕಿಗೆ ಎಣ್ಣೆ ಮರಳಿ ಬರುತ್ತಲೇ ಇರುತ್ತದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ, ಬಿಗ್ ಎಂಡಿಗೆ ಮಾತ್ರ ಹನಿಯೂ ಹೋಗಿರುವುದಿಲ್ಲ. ಅದನ್ನು ಎರಡು ಸಲ ನೋಡಿ, ಪ್ಲಗ್ ತೆಗೆದು, ಗೇರ್ ಹಾಕಿ ಹಿಂಚಕ್ರ ತಿರುಗಿಸುತ್ತಾ ಎಣ್ಣೆ ಮರಳುವವರೆಗೆ ಕಾದೆವು. ನಿಂತ ಬೈಕಿನಲ್ಲಿ ಎಣ್ಣೆ ಪಂಪಿನ ಮೂಲಕ ಸೋರಿ ಕ್ರ್ಯಾಂಕ್‌ಕೇಸು ತುಂಬದಂತೆ ಕೊಳವೆಗೆ ನಲ್ಲಿ ಹಾಕುವವರಿದ್ದಾರೆ. ಹಾಕಿದರೆ ಮ್ಯಾಗ್ನೆಟೊವನ್ನು ಅದಕ್ಕೆ ತಂತಿಯಲ್ಲಿ ಜೋಡಿಸಬೇಕು, ನಲ್ಲಿ ಮುಚ್ಚಿದ್ದರೆ ಕಿಡಿಯೇ ಬರಬಾರದು. ಮರೆಯುವ ದಿನ ಬಂದೇ ಬರುತ್ತದೆ.

ಕಿಕ್‌ಸ್ಟಾರ್ಟರ್ ಇಲ್ಲ, ಮ್ಯಾಂಕ್ಸಿಗೆ ಅದು ಇರಲೇ ಇಲ್ಲ. ಬಿಸಿ ಗುಣದ ಪ್ಲಗ್ ಹಾಕಿ, ಫ್ಲೋಟಿನ ಗುಂಡಿ ಒತ್ತಿ ಪೆಟ್ರೋಲ್ ತುಳುಕಿಸಿ, ಎರಡನೇ ಗೇರಿನಲ್ಲಿ ತಳ್ಳಿದಾಗ ಏಳನೇ ಹೆಜ್ಜೆಗೆ ಹಿಡಿಯಿತು. ಕೆಳಗಿನ ವೇಗಗಳಲ್ಲಿ ಉಗುಳುತ್ತಾ ತೊದಲುತ್ತದೆ. ಮೆಗಾಫೋನಿನಿಂದ ಮರಳುವ ಒತ್ತಡದ ಅಲೆ ಮಿಶ್ರಣ ಕೆಡಿಸುವುದರಿಂದ ಹಾಗೆ. ಜೆಟ್ ಬದಲಿಸಿ ಅದನ್ನು ಹೋಗಲಾಡಿಸಲು ಹೊರಟರೆ ಮೇಲಿನ ವೇಗದ ಮಿಶ್ರಣ ಕೆಡುತ್ತದೆ, ಅದನ್ನು ಹಾಗೆಯೇ ಬಿಟ್ಟು ಕ್ಲಚ್ಚಿನಲ್ಲಿ ದಾಟಿಸಬೇಕು. ಬೆಚ್ಚಗಾದ ಮೇಲೆ ರೇಸಿನ ತಣ್ಣನೆಯ ಪ್ಲಗ್ ಹಾಕಿ ಇಪ್ಪತ್ತು ನಿಮಿಷ ಓಡಿಸಿ ನಿಲ್ಲಿಸಿದೆವು.

ಎಣ್ಣೆ ಸೋಸುವ ಜಾಲರಿಯಲ್ಲಿ ಬೂದು ಬಣ್ಣದ ನವಿರು ಪುಡಿ ಚೂರು ಇತ್ತು, ಹೊಸ ಬೆವೆಲ್ಲಿನದು. ಎಣ್ಣೆ ಬದಲಾಯಿಸಿದ ಮೇಲೆ ಮತ್ತೆ ಕಾಣಲಿಲ್ಲ. ಹೆಡ್ಡಿನ ನಟ್ಟುಗಳು ತಣ್ಣಗಾದ ಮೇಲೆ ಎಂಟನೇ ಒಂದು ತಿರುವು ತೆಗೆದುಕೊಂಡವು, ವಾಲ್ವಿನ ಅಂತರ ಮತ್ತೆ ಹೊಂದಿಸಬೇಕಾಯಿತು. ಕ್ಯಾಮ್‌ಬಾಕ್ಸಿನಿಂದ ಸೋರಿದ ಹರಳೆಣ್ಣೆ ಬಲಗಡೆ ಟ್ಯಾಂಕಿನ ಅಡಿಗೂ ಸವಾರನ ಮೊಣಕಾಲಿಗೂ ಹತ್ತಿತ್ತು. ವಾಲ್ವ್ ಸ್ಪ್ರಿಂಗುಗಳು ಬಯಲಲ್ಲೇ ಇರುವ ಎಂಜಿನ್ನಿದು, ಪೂರ್ತಿ ಒಣಗಿಸಲು ಹೋಗಲಿಲ್ಲ. ಫ್ರೇಮಿನ 10ಎಂ ಅನ್ನು ಉಜ್ಜಿ 11ಎಂ ಮಾಡಿಸಿ ಬೆಲೆ ಏರಿಸಬಹುದು ಎಂಬ ಸಲಹೆಯೂ ಬಂತು. ಸಂಖ್ಯೆ ಇದ್ದ ಹಾಗೇ ಇದೆ. ಯಾವ ಭಾಗ ಯಾವ ಬೈಕಿನದು, ಯಾವುದು ಹೊಸದು ಎಂಬ ನಾಲ್ಕು ಪುಟಗಳ ಪಟ್ಟಿ, ಹಳೆಯ ಮೆಥನಾಲ್ ಪಿಸ್ಟನ್ನಿನ ಜೊತೆ, ಒಂದು ಬಿಸ್ಕತ್ತಿನ ಡಬ್ಬಿಯಲ್ಲಿದೆ.